ಹುಮನಾಬಾದಿನ ರಸ್ತೆಯನ್ನು ಯಾರೂ ಅಗೆದಿರಲಿಲ್ಲ

ಹುಮನಾಬಾದಿನ ರಸ್ತೆಯನ್ನು ಯಾರೂ ಅಗೆದಿರಲಿಲ್ಲ. ಆ ಸುಳ್ಳು ನನ್ನದು. 2006ರ ಚಳಿಗಾಲಕ್ಕೆ ಮುಂಚೆ, ಒಂದು ಮಧ್ಯಾಹ್ನ, ಡೊಂಬಿವಲಿಯ ನಮ್ಮ ಮನೆಯ ಊಟದ ಟೇಬಲ್ ಮೇಲೆ ರೋಡ್ ಅಟ್ಲಾಸ್ ಹರಡಿಕೊಂಡು, ಗಂಡನ ಮುಖ ನೋಡದೆ ಹೇಳಿದೆ: "ಸೋಲಾಪುರದಿಂದ ಹೈದರಾಬಾದಿನವರೆಗೂ ಅಗೆದು ಹಾಕಿದ್ದಾರಂತೆ ರೀ. ಫೋರ್ ಲೇನ್ ಕೆಲಸ. ಪೇಪರಿನಲ್ಲಿ ಬಂದಿದೆ."

ಪೇಪರಿನಲ್ಲಿ ಏನೂ ಬಂದಿರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಪೇಪರ್ ಓದುತ್ತಿದ್ದವಳು ನಾನೊಬ್ಬಳೇ — ಅವರು ಪೇಪರ್ ತೆರೆದು ನೋಡುವುದಿಲ್ಲವೆಂದು ನನಗೆ ಗೊತ್ತಿತ್ತು.

ಪಡುವಣದ ಈ ಸಮುದ್ರದಿಂದ ಮೂಡಣದ ಆ ಸಮುದ್ರದವರೆಗೆ ಕಾರಿನಲ್ಲಿ ಹೋಗಬೇಕು. ಅದು ಅವರ ಕನಸು. ಠಾಣೆಯ ಕಾರ್ಖಾನೆಯೊಂದರಲ್ಲಿ ಅವರು ಸ್ಟೋರ್ಸ್‌ನಲ್ಲಿದ್ದರು, ನಾನು ಸ್ಟೆನೋ. ನಮ್ಮ ಮದುವೆ ಆದದ್ದೇ ಹಾಗೆ. ಮೂವತ್ತು ವರ್ಷ ಕಿಕ್ಕಿರಿದ ಲೋಕಲ್ ರೈಲಿನಲ್ಲಿ ಒಂಟಿಗಾಲಲ್ಲಿ ನಿಂತ ಮನುಷ್ಯ ರಿಟೈರ್ ಆದ ತಿಂಗಳೇ ಸೆಕೆಂಡ್ ಹ್ಯಾಂಡ್ ಬಿಳಿ ಕಾರು ತಂದರು. ಓಡಿಸುವುದು ಅವರು, ದಾರಿ ಹುಡುಕುವುದು ನಾನು. ಮಂಗಳೂರಿನ ಕಾನ್ವೆಂಟಿನಲ್ಲಿ ಜಾಗ್ರಫಿ ಕಲಿಸಿದ ಸಿಸ್ಟರ್ ಟ್ರೇಸಿಂಗ್ ಪೇಪರ್ ಇಟ್ಟು ನದಿಗಳನ್ನು ಬರೆಸುತ್ತಿದ್ದರು. ಮ್ಯಾಪ್ ಅಂದರೆ ನನಗೆ ಅಂದಿನಿಂದಲೂ ಪ್ರಾರ್ಥನೆಯ ಹಾಗೆ.

ನೇರ ದಾರಿ ಎಂದರೆ ಪುಣೆ, ಸೋಲಾಪುರ, ಹುಮನಾಬಾದ್, ಹೈದರಾಬಾದ್. ಹುಮನಾಬಾದಿನ ಪಕ್ಕದ ಹಳ್ಳಿಯಲ್ಲಿ ಅವರ ಅಕ್ಕ ಇದ್ದರು. ತಾಯಿ ಸತ್ತ ಮೇಲೆ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಎಪ್ಪತ್ತು ದಾಟಿದ್ದರು. ಅವರು ನೋಡಿದ ದೊಡ್ಡ ನೀರೆಂದರೆ ಊರ ಕೆರೆ.

"ಹಿಂದಿನ ಸೀಟ್ ಖಾಲಿನೇ ಅದಲ್ಲ," ಎಂದಿದ್ದರು ಇವರು. "ಅಕ್ಕಗ ಮೊದಲೇ ಹೇಳಬ್ಯಾಡ. ಹೇಳಿದ್ರ ಬರಲ್ಲಂತಾಳ. ಬಾಗಲಾಗ ಗಾಡಿ ನಿಲ್ಸಿ, ಹತ್ತಿಸ್ಕೊಂಡು, ಸೀದಾ ಸಮುದ್ರ!"

ನಾನು ನಕ್ಕೆ. ಆದರೆ ಅಕ್ಕ ಬರುವುದು ನನಗೆ ಬೇಕಿರಲಿಲ್ಲ. ಅಕ್ಕ ಕೆಟ್ಟವರಲ್ಲ. ಮದುವೆಯಾದ ಹೊಸತರಲ್ಲಿ ನನ್ನ ರೊಟ್ಟಿ ನೋಡಿ "ನಮ್ಮ ಮೇಡಂನವರು ಭಾರತದ ನಕಾಶಿ ತಟ್ಯಾರ" ಎಂದು ಓಣಿಯನ್ನೆಲ್ಲ ನಗಿಸಿದ್ದರು — ಅಷ್ಟೇ. ಅದಕ್ಕಾಗಿ ಅಲ್ಲ... ಅದಕ್ಕಾಗಿಯೂ ಇರಬಹುದು. ಆದರೆ ನಿಜವಾದ ಕಾರಣ ಇನ್ನೂ ಸಣ್ಣದು. ಮೂವತ್ತು ವರ್ಷಗಳಲ್ಲಿ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಹಿಂದಿನ ಸೀಟು ಖಾಲಿಯೇ ಇರಲಿ ಅನ್ನಿಸಿತು.

"ಸೀನಿಕ್ ರೂಟ್ ಇದೆ ರೀ," ಎಂದೆ. ಕೊಲ್ಹಾಪುರ, ಬೆಳಗಾವಿ, ಹೊಸಪೇಟೆ, ಬಳ್ಳಾರಿ, ನಂದ್ಯಾಲ, ನಲ್ಲಮಲೆ ಕಾಡು, ಚೀರಾಲ. ಎಷ್ಟು ಸುಂದರ ಶಬ್ದ, ಸೀನಿಕ್! ಅದರ ಹಿಂದೆ ಒಬ್ಬ ಮುದುಕಿಯನ್ನು ಅಡಗಿಸಿಟ್ಟೆ.

ಅವರು ಅಟ್ಲಾಸಿನಲ್ಲಿ ಹುಮನಾಬಾದಿನ ಮೇಲೆ ಬೆರಳಿಟ್ಟರು. "ಹಂಗಾದ್ರ ಅಕ್ಕ?"

"ಮುಂದಿನ ವರ್ಷ. ರಸ್ತೆ ಆದ ಮೇಲೆ."

ಐರೋಲಿ ಸೇತುವೆಯ ಹತ್ತಿರ ಖಾಡಿಯ, ಅಂದರೆ ಕ್ರೀಕಿನ, ನೀರನ್ನು ಮುಟ್ಟಿ ಹೊರಟೆವು. ಅವರಿಗೆ ಸಂಶಯ: ಇದು ಸಮುದ್ರ ಅಂತ ಲೆಕ್ಕಕ್ಕೆ ಬರ್ತದೇನು? ಕ್ರೀಕ್ ಅಂದರೆ ಸಮುದ್ರದ ಕೈ ಎಂದು ಸಿಸ್ಟರ್ ಹೇಳಿದ್ದನ್ನು ನಾನು ಹೇಳಿದೆ. "ಹಂಗಾದ್ರ ಕೈ ಕುಲುಕಿ ಹೊರಡೋಣ," ಎಂದು ಆ ಕೆಸರಿಗೆ ನಿಜವಾಗಿಯೂ ಬಗ್ಗಿದರು!

ಆ ಪ್ರಯಾಣದ ಬಗ್ಗೆ ಏನು ಬರೆಯಲಿ? ಸುಳ್ಳಿನಿಂದ ಕೊಂಡ ದಾರಿ ಇಷ್ಟು ಚೆಂದವಿರಬಾರದಿತ್ತು. ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗುವುದನ್ನು ಕಾರಿನ ಕಿಟಕಿಯಿಂದ ಕಣ್ಣಾರೆ ನೋಡಿದೆ. ಹಂಪಿಯ ಬಂಡೆಗಳ ನಡುವೆ ಕತ್ತಲಾಗುವವರೆಗೂ ಅಲೆದೆವು. ತುಂಗಭದ್ರೆಯ ಅಣೆಕಟ್ಟಿನ ಮೇಲೆ ಅವರು ಮಕ್ಕಳ ಹಾಗೆ ಕೈ ಅಗಲಿಸಿ ನಿಂತರು. ನಲ್ಲಮಲೆಯ ತಿರುವುಗಳಲ್ಲಿ ಕಾಡು ಎಷ್ಟು ದಟ್ಟವಾಗಿತ್ತೆಂದರೆ, ಹಾರ್ನ್ ಹೊಡೆಯಲೂ ಅವರಿಗೆ ಸಂಕೋಚ. ಪ್ರತಿ ಜಾಗದಲ್ಲೂ ನನ್ನ ಕಡೆ ತಿರುಗಿ "ಭಾರೀ ಜಾಗ ಹುಡುಕಿದಿ!" ಎನ್ನುತ್ತಿದ್ದರು. ಪ್ರತಿ ಸಲವೂ ನಾನು ಹಿಗ್ಗುತ್ತಿದ್ದೆ — ಹೌದು, ಹಿಗ್ಗುತ್ತಿದ್ದೆ. ಅದನ್ನೂ ಒಪ್ಪಿಕೊಳ್ಳಬೇಕು.

ಚೀರಾಲದ ಹತ್ತಿರ, ಬೆಳಗಿನ ಜಾವ, ಮರಳಿನ ಮೇಲೆ ನಿಂತಿದ್ದೆವು. ನಾನು ಹುಟ್ಟಿದ ಊರಿನ ಸೂರ್ಯ ಸಮುದ್ರಕ್ಕೆ ಬೀಳುವವನು. ಅವನು ನೀರಿನೊಳಗಿಂದ ಮೇಲೆ ಬರುವುದನ್ನು ಐವತ್ತೇಳು ವರ್ಷಗಳಲ್ಲಿ ಮೊದಲ ಸಲ ಕಂಡೆ. ಮೈ ಗಾಡ್... ಒದ್ದೆ ಕೆಂಡದ ಹಾಗೆ, ಅಂಚಿನಿಂದ ನೀರು ತೊಟ್ಟಿಕ್ಕುತ್ತಿರುವ ಹಾಗೆ ಬಂದ. ಕೈಮುಗಿದದ್ದು ಯಾವಾಗಲೋ ನನಗೇ ತಿಳಿಯಲಿಲ್ಲ.

ಪಕ್ಕದಲ್ಲಿ ಅವರು ಅಳುತ್ತಿದ್ದರು. "ಅಕ್ಕ ನೋಡಬೇಕಿತ್ತು," ಎಂದರು.

ಕುಡಿಯುವ ನೀರಿನ ಬಾಟಲಿ ಖಾಲಿ ಮಾಡಿ, ಮಂಡಿಯವರೆಗೆ ಇಳಿದು ಸಮುದ್ರವನ್ನು ತುಂಬಿಸಿಕೊಂಡರು. "ವಾಪಸ್ ಹುಮನಾಬಾದ್ ಮ್ಯಾಲೆ ಹೋಗೋಣ. ರಸ್ತೆ ಅಗದಿದ್ರೂ ಆಗ್ಲಿ. ನಿಧಾನ ಹೋದ್ರಾತು."

ಬೇಡ ಎನ್ನಲು ಇನ್ನೊಂದು ಸುಳ್ಳು ಬೇಕಿತ್ತು. ಅಟ್ಲಾಸ್ ತೆರೆದು ಹೈದರಾಬಾದಿನ ಪುಟ ಹುಡುಕಿದೆ.

ಹೈದರಾಬಾದ್ ದಾಟಿತು. ನಾನು ಗಾಜಿನಾಚೆ ಕಣ್ಣು ನೆಟ್ಟು ಕೂತಿದ್ದೆ. ಒಂದು ಜಲ್ಲಿ ರಾಶಿ ಕಾಣಲಿ, ಒಂದು ಡೈವರ್ಶನ್ ಬೋರ್ಡ್ ಬರಲಿ ಎಂದು ಮೇರಿ ಮಾತೆಯಿಂದ ಹಿಡಿದು ಕಟೀಲಮ್ಮನವರೆಗೆ ಎಲ್ಲರನ್ನೂ ಬೇಡಿಕೊಂಡೆ. ಯಾರೂ ಓಗೊಡಲಿಲ್ಲ. ರಸ್ತೆ ಬೆಣ್ಣೆಯ ಹಾಗಿತ್ತು. ಹಳೆಯ ರಸ್ತೆಯೇ — ಬದಿಯ ಹುಣಸೆಮರಗಳು ಸಹ ಅಲ್ಲಲ್ಲೇ ನಿಂತಿದ್ದವು. ಜಹೀರಾಬಾದ್ ದಾಟಿದ ಮೇಲೆ ಅವರು ಮೆಲ್ಲಗೆ ಹೇಳಿದರು:

"ಬಹಳ ಲಗೂನ ಕೆಲಸ ಮುಗಿಸ್ಯಾರ."

ಅಷ್ಟೇ. ನನ್ನ ಕಡೆ ನೋಡಲಿಲ್ಲ. ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. "ಹೌದು ರೀ," ಎಂದೆ.

ಅಕ್ಕ ಬಾಗಿಲಲ್ಲಿ ತೊಗರಿ ಕೇರುತ್ತಿದ್ದರು. ತಮ್ಮನನ್ನು ಕಂಡು ಮೊರ ಅಲ್ಲೇ ಬಿಟ್ಟು ಎದ್ದರು. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದರು. "ಇಷ್ಟೇ ನೀರಾಗ ಹಡಗ ಹೆಂಗ ನಿಲ್ತದೋ ತಮ್ಮಾ?" ಎಂದು ನಕ್ಕು, ಒಂದು ಹನಿ ನಾಲಗೆಗೆ ಹಚ್ಚಿಕೊಂಡರು. ಮುಖ ಬದಲಾಯಿತು. "ಖರೇನೇ ಉಪ್ಪದಲ್ಲೋ! ಯಾರ್ ಹಾಕ್ಯಾರ ಇಷ್ಟು ಉಪ್ಪು?"

ಆಮೇಲೆ ನನ್ನ ಕಡೆ ತಿರುಗಿದರು. "ನೀ ಸಮುದ್ರದಾಕಿ. ನೀ ಹೇಳವ್ವ, ಅದು ಹೆಂಗಿರ್ತದ?"

ಇಷ್ಟೆಲ್ಲ ಇಂಗ್ಲಿಷ್ ಕಲಿತವಳು ನಾನು. "ದೊಡ್ಡದು ಅಕ್ಕ. ಆಚೆ ದಡ ಕಾಣಿಸಲ್ಲ," ಎಂದೆ.

ಅಕ್ಕ ಬಾಗಿಲಾಚೆ ನೋಡಿದರು. ಆಕಾಶ ಮುಟ್ಟುವವರೆಗೂ ತೊಗರಿ ಹೊಲ, ಗಾಳಿಗೆ ಬಾಗಿ ಏಳುತ್ತಿತ್ತು. "ಇದರಂಗ?"

"ಇದಕ್ಕಿಂತ."

"ಇದಕ್ಕಿಂತ!" ಎಂದರು. ಕಣ್ಣು ಹಾಗೇ ಅಗಲವಾಗಿ ಉಳಿಯಿತು. ಚೀರಾಲದ ಸೂರ್ಯನ ಮುಂದೆ ನನ್ನ ಮುಖದಲ್ಲಿ ಇದ್ದದ್ದಕ್ಕಿಂತ ದೊಡ್ಡ ಬೆರಗು, ಒಂದು ಬಾಟಲಿ ನೀರಿಗೆ. ಆ ಬೆರಗನ್ನು ಆ ಮರಳಿನ ಮೇಲೆ ನಿಲ್ಲಿಸಿದ್ದರೆ... ನನ್ನ ಜೀವಮಾನದಲ್ಲಿ ನೋಡಬಹುದಾಗಿದ್ದ ಅತಿ ದೊಡ್ಡ ದೃಶ್ಯವನ್ನು ನಾನೇ ಮ್ಯಾಪಿನಿಂದ ಅಳಿಸಿದ್ದೆ.

ಮುಂದಿನ ಚಳಿಗಾಲಕ್ಕೆ ಕರೆದೊಯ್ಯುವುದೆಂದಾಯಿತು. ಮಳೆಗಾಲಕ್ಕೂ ಮೊದಲೇ ಜ್ವರದಲ್ಲಿ ಅಕ್ಕ ಹೋದರು. ಬಾಟಲಿ ದೇವರ ಗೂಡಿನಲ್ಲಿತ್ತು. ಇವರು ಅದನ್ನು ತಂದು ನಮ್ಮ ಕಿಟಕಿಯಲ್ಲಿಟ್ಟರು. ಮುಂದೆ ಏಳು ವರ್ಷ ಬದುಕಿದ್ದರು. ಆ ರಸ್ತೆಯ ಬಗ್ಗೆ ಒಂದು ದಿನವೂ ಕೇಳಲಿಲ್ಲ. ನನ್ನನ್ನು ನಂಬಿದ್ದರೋ, ಕ್ಷಮಿಸಿದ್ದರೋ ತಿಳಿಯದು. ಎರಡರಲ್ಲಿ ಯಾವುದಕ್ಕೂ ನಾನು ಅರ್ಹಳಲ್ಲ. ದಿನವೂ ಚಹಾ ಕೊಡುವಾಗ ಹೇಳಬಹುದಿತ್ತು. ಹೇಳಲಿಲ್ಲ.

ಮೊನ್ನೆ ಮೇಲಿನ ಮಹಡಿಯ ನೇಹಾ ಬಂದಿದ್ದಳು. ಐರೋಲಿಯಲ್ಲಿ ಕೆಲಸ, ಹೊಸ ಕಾರು, ಹೊಸ ಗಂಡ. ಅವರಿಗೂ ಸಮುದ್ರದಿಂದ ಸಮುದ್ರಕ್ಕೆ ಹೋಗಬೇಕಂತೆ. "ಅಜ್ಜಿ, ವಿದೌಟ್ ಜಿಪಿಎಸ್ ಹೋಗಿದ್ರಾ? ಸಹೀ ಹೈ! ನಿಲ್ಲಲೇಬೇಕಾದ ಜಾಗಗಳ ಲಿಸ್ಟ್ ಕೊಡಿ ನಾ, ಪ್ಲೀಸ್."

ಬರೆಯಲು ಕೂತೆ. ಹಂಪಿ ಬರೆದೆ. ತುಂಗಭದ್ರೆ, ನಲ್ಲಮಲೆ, ಚೀರಾಲ ಬರೆದೆ. ಪೆನ್ಸಿಲ್ ಅಲ್ಲಿಗೇ ನಿಂತಿತು. ಎಲ್ಲಕ್ಕಿಂತ ಮೇಲೆ ಇನ್ನೊಂದು ಹೆಸರು ಬರಬೇಕು. ಆ ಬಾಗಿಲಲ್ಲಿ ಈಗ ಯಾರೂ ಇಲ್ಲ. ಆದರೂ ಬರೆದೆ: ಹುಮನಾಬಾದ್, ಅಕ್ಕನ ಮನೆ. ನಾಳೆ ನೇಹಾ ಇದೇನೆಂದು ಕೇಳುತ್ತಾಳೆ. ಕೇಳಲಿ. ಮೊದಲ ಸಲ, ಒಬ್ಬರ ಮುಖ ನೋಡಿಕೊಂಡು ಹೇಳುತ್ತೇನೆ — ರಸ್ತೆ ಚೆನ್ನಾಗಿತ್ತಮ್ಮ, ಹಿಂದಿನ ಸೀಟೂ ಖಾಲಿಯಿತ್ತು.