ಹಾಲಿನ ಮೇಲೆ ಆಡಿದ ಕುಸ್ತಿ

ನಮ್ಮ ಕುಲಗೋಡದ ಸೋಮಲಿಂಗ ಪೈಲ್ವಾನ ನನಗೆ ಯಾವ ಲೆಕ್ಕದಲ್ಲೂ ಬೀಗನಲ್ಲ, ಬಂಧುವಲ್ಲ. ಆದರೂ ನನ್ನ ಮಗಳು ಸುವರ್ಣಾ ಕುಡಿಯಬೇಕಾದ ಹಾಲನ್ನು ವರ್ಷಗಟ್ಟಲೆ ಕುಡಿದವನು ಅವನೇ. ಈ ಮಾತು ಹೇಳುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬರಲಿ ಬಿಡಿ.

ನಮ್ಮ ಓಣಿಯ ಹುಡುಗನೊಬ್ಬ ಕುಸ್ತಿಗೆ ನಿಂತನೆಂದರೆ ಅವನ ಹಾಲು-ತುಪ್ಪದ ಖುರಾಕು ಓಣಿಯದೇ. ಪಾಳಿ ಹಿಡಿದು ದಿನಕ್ಕೊಂದು ಮನೆಯಿಂದ ಹಾಲಿನ ಚರಿಗೆ ಹೋಗಬೇಕು. ನಮ್ಮತ್ತೆ ಶೆಟ್ಟೆವ್ವ ಪಾಳಿ ಗೀಳಿ ನೋಡಿದವಳಲ್ಲ. ಮನೆಯಲ್ಲಿದ್ದದ್ದು ಒಂದೇ ಎಮ್ಮೆ. ದಿನಾ ಬೆಳಿಗ್ಗೆ ಅದರ ನೊರೆಹಾಲು ಅವನಿಗೆ, ಕರೀ ಚಹಾ ನಮಗೆ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು" ಎಂದು ನಾನು ಗೊಣಗಿದರೆ, "ಮಾಲಾ, ಆಂವ ಗೆದ್ರ ಊರ ಗೆದ್ದಂಗ. ನಿನ್ನ ಮಗಳೂ ಊರಾಗ ಇಲ್ಲೇನ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಹುಡುಗ ಒಳ್ಳೆಯವನೇ, ಇಲ್ಲವೆನ್ನಲಾರೆ. ಕುಡಿದ ಚರಿಗೆಯನ್ನು ಎಂದೂ ಬರಿದಾಗಿ ಮರಳಿಸಲಿಲ್ಲ. ತೊಳೆದು, ಒಳಗೊಂದು ಬೆಲ್ಲದ ತುಣುಕು ಇಟ್ಟೇ ತರುತ್ತಿದ್ದ. ಬೆಳಿಗ್ಗೆ ತಾಲೀಮು, ಹಗಲು ಕಬ್ಬಿನ ಲೋಡು ತುಂಬುವ ಕೆಲಸ, ಸಂಜೆ ಮತ್ತೆ ತಾಲೀಮು. ಮೂಡಲಗಿ ಸುತ್ತಮುತ್ತ ಗೆಲ್ಲುತ್ತ ಬಂದ. ಆಮೇಲೆ ಧುಪದಾಳದ ಕುಸ್ತಿಯಲ್ಲಿ, ಹಿಂದೆ ತಾನೇ ಚಿತ್ ಮಾಡಿದ್ದ ಹುಡುಗನ ಕೈಯಲ್ಲಿ ಸೋತ. ಬಸ್ಸಿನಿಂದಿಳಿದು ತಲೆ ತಗ್ಗಿಸಿ ನಡೆದರೂ ಯಾರೂ ಒಂದು ಮಾತು ಅನ್ನಲಿಲ್ಲ. ಮರುದಿನ ನಮ್ಮತ್ತೆಯ ಚರಿಗೆ ಎಂದಿನಂತೆ ಹೋಯಿತು, ಸಂಜೆಯ ಹಾಲಿನ ಕೆನೆಯನ್ನೂ ಮೇಲೆ ಹಾಕಿಕೊಂಡು.

ಆ ಕೆನೆಯೇ ಅವನನ್ನು ಮುರಿದದ್ದು. ಇದನ್ನೆಲ್ಲ ಬಹಳ ದಿನದ ಮೇಲೆ ಅವನೇ ನಮ್ಮ ಅಂಗಳದಲ್ಲಿ ಕೂತು ಹೇಳಿದ. "ಯಾರರ ಬೈದಿದ್ರ ಚಲೋ ಇತ್ತರಿ ವೈನಿ. ಬೈಲಿಲ್ಲ, ಹಾಲ ಕೊಟ್ರು. ಇಷ್ಟ ಮಂದಿ ಹಾಲ ಮೈಯಾಗ ಇಟಗೊಂಡು ಸೋತೀನಿ ಅಂದ್ರ ಮುಖ ಎಲ್ಲಿ ಇಟಗೋಳಿ?" ಆಗಲೇ ಗೋಕಾಕದ ಒಂದು ಜಿಮ್ಮಿನಲ್ಲಿ ಯಾವನೋ ಇವನ ಹೆಗಲ ಮೇಲೆ ಕೈಹಾಕಿ, "ನಿನ್ನ ಕೆಡವಿದಾಂವ ಬರೇ ಹಾಲ ಕುಡದ ಬಂದಿದ್ದಾ ಅಂತ ತಿಳದಿಯೇನ? ಎಲ್ಲಾರ ಮನಿ ದ್ವಾಸಿನೂ ತೂತ, ತಮ್ಮಾ" ಎಂದು ಮೈ ಉಬ್ಬಿಸುವ ಸೂಜಿಯ ದಾರಿ ತೋರಿಸಿದನಂತೆ. ಒಂದೇ ಸಲ ಎಂದುಕೊಂಡು ಚುಚ್ಚಿಸಿಕೊಂಡ. ಗೆದ್ದ. ಗೆದ್ದ ಮೇಲೆ ಬಿಡಲು ಇನ್ನಷ್ಟು ಹೆದರಿಕೆ. ತನ್ನ ತೋಳಿನ ಮೇಲೆ ತನಗೇ ನಂಬಿಕೆ ಹೋಗಿತ್ತು. "ಕನ್ನಡ್ಯಾಗ ನೋಡಕೊಂಡ್ರ ಬ್ಯಾರೇದಾವ್ರ ಅಂಗಿ ಹಾಕ್ಕೊಂಡಂಗ ಅನಸತಿತ್ತು" ಎಂದ.

ನಮಗೇನು ಗೊತ್ತು! ಗೋಕಾಕದ ದೊಡ್ಡ ಕುಸ್ತಿ ಗೆದ್ದು ಬೆಳ್ಳಿ ಕಡಗ ತೊಟ್ಟು ಬಂದಾಗ ಮಂದಿ ಅವನನ್ನು ಹೆಗಲ ಮೇಲೆ ಹೊತ್ತು, ಹಲಗೆ ಬಾರಿಸುತ್ತ ನಮ್ಮ ಅಂಗಳಕ್ಕೇ ತಂದರು. ನಮ್ಮತ್ತೆ ಆರತಿ ಎತ್ತಿದವಳೇ ಅವನ ಕೊರಳಿನ ಹಾರ ತೆಗೆದು ಎಮ್ಮೆಯ ಕೊಂಬಿಗೆ ಹಾಕಿಬಿಟ್ಟಳು. "ಗೆದ್ದಾಕಿ ಇಕಿನ, ನಮ್ಮವ್ವ!" ಎಂದು ಅದರ ಹಣೆಗೆ ಭಂಡಾರದ ಅರಿಸಿನ ಬಳಿದಳು. ಎಲ್ಲರೂ ಕೇಕೆ ಹಾಕಿ ನಕ್ಕರು, ನಾನೂ ನಕ್ಕೆ. ಸೋಮಲಿಂಗನ ಮುಖ ಮಾತ್ರ ಸುಣ್ಣದಂತಾಗಿತ್ತು. ದಣಿದಿದ್ದಾನೆ ಎಂದುಕೊಂಡೆವು.

ಅವತ್ತೇ ಸೂಜಿ ಬಿಟ್ಟನಂತೆ. ಮುಂದಿನ ಹುಕ್ಕೇರಿ ಕುಸ್ತಿಯನ್ನು ಬರೀ ಹಾಲಿನ ಮೇಲೆ ಗೆಲ್ಲಬೇಕು, ಆ ಹಾರ ಎಮ್ಮೆಗೆ ಖರೆಯಾಗಿ ಸಲ್ಲಬೇಕು ಎಂಬ ಹಂಬಲ ಹತ್ತಿತು. ಮೈ ಇಳಿಯಿತು, ತೋಳು ಸಣ್ಣಗಾದವು. ಆದರೂ ದಿನಾ ನಮ್ಮ ಬಾಗಿಲಿಗೆ ಬಂದು, ಚರಿಗೆ ಇಸಿದುಕೊಂಡು, ಅಲ್ಲೇ ನಿಂತು ಹಸಿದ ಕರುವಿನ ಹಾಗೆ ಗಟಗಟನೆ ಕುಡಿದು, ತೊಳೆದು ತರಲು ಚರಿಗೆ ಒಯ್ಯುತ್ತಿದ್ದ.

ಗ್ರಹಚಾರ ನೋಡಿ, ಅದೇ ಹೊತ್ತಿಗೆ ಎಮ್ಮೆ ಗಬ್ಬವಾಗಿ ಹಾಲು ಬತ್ತುತ್ತ ಬಂತು. ಹಿಂದೆಲ್ಲ ಹೀಗಾದಾಗ ಅತ್ತೆ ಬಾಜೂ ಮನೆಯಿಂದ ಇಸಿದು ಕೊಡುತ್ತಿದ್ದಳು. ಈ ಸಲ ಹಾರ ಹಾಕಿಸಿಕೊಂಡ ಎಮ್ಮೆಯ ಹಾಲೇ ಹೋಗಬೇಕೆಂದು ಅವಳಿಗೆ ಹಟ. "ಅತ್ತಿ, ಇಲ್ಲಂತ ಹೇಳಬಾರದೇನ್ರಿ?" ಎಂದೆ. "ಪೈಲ್ವಾನಗ ಇಲ್ಲ ಅಂತಾರೇನ?" ಎಂದವಳೇ ಚರಿಗೆಯ ತಳದಲ್ಲಿದ್ದ ಹಾಲಿಗೆ ನೀರು ಸುರಿದು ತುಂಬಿಸಿದಳು. ಅವನು ಅದನ್ನೂ ಕಣ್ಣುಮುಚ್ಚಿ ಕುಡಿದ.

ಹುಕ್ಕೇರಿಯಲ್ಲಿ ಸೋತ.

ಮರುದಿನ ಚರಿಗೆ ಮರಳಿಸಲು ಬಂದವನು ಅಂಗಳದಲ್ಲಿ ಕಾಲಿಟ್ಟಿದ್ದೇ ತಡ, ನಮ್ಮತ್ತೆ ಅವನ ಎರಡೂ ಕೈ ಹಿಡಿದು ಗೊಳೋ ಎಂದು ಅತ್ತಳು. "ನಾನ ನಿನ್ನ ಸೋಲಿಸಿದ್ನೋ ಯಪ್ಪಾ! ಹಾಲಿಗಿ ನೀರ ಹಾಕಿದ್ನೋ! ನನ್ನ ಕೈಗೆ ಹುಳಾ ಬೀಳ್ಲಿ!"

ಸುಮ್ಮನಿದ್ದರೆ ಅವನ ಮಾನ ಉಳಿಯುತ್ತಿತ್ತು. ಕಡಗ ಅವನದು, ಸೋಲು ಮುದುಕಿಯದು. ಅವನ ಜಾಗದಲ್ಲಿ ನಾನಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಅವನು ನೆಲಕ್ಕೆ ಕುಸಿದು ಕೂತು, ಧುಪದಾಳದ ಸೋಲಿನಿಂದ ಹಿಡಿದು ಸೂಜಿಯವರೆಗೆ ಎಲ್ಲವನ್ನೂ ಹೇಳಿದ. "ನಿನ್ನ ನೀರಿಂದಲ್ಲ ಆಯಿ. ಖರೆ ಅಂದ್ರ ನಾ ಇರೂದ ಇಷ್ಟ."

ನಮ್ಮತ್ತೆಯ ಅಳು ನಿಂತಿತು. ಚೆನ್ನಾಗಿ ಬೈಯಲಿ ಎಂದು ನಾನು ಕಾದೆ, ಸುಳ್ಳೇಕೆ ಹೇಳಲಿ. ನನ್ನ ಮಗಳ ಕರೀ ಚಹಾ ನನ್ನ ಕಣ್ಣ ಮುಂದಿತ್ತು.

"ಹುಕ್ಕೇರ್ಯಾಗ ಎಷ್ಟ ಹೊತ್ತ ನಿಂತಿ?" ಎಂದು ಕೇಳಿದಳು.

"ಎರಡ ಸಲ ಹಲಗಿ ಕಾಸಿದ್ರು, ಆಯಿ." ಕುಸ್ತಿ ಬೇಗ ಮುಗಿದರೆ ಹಲಗೆಯನ್ನು ಬೆಂಕಿಗೆ ಹಿಡಿದು ಮತ್ತೆ ಬಿಗಿ ಮಾಡುವ ಪ್ರಸಂಗವೇ ಬರುವುದಿಲ್ಲ.

"ಸೂಜಿ ಇಲ್ದನ?"

"ಇಲ್ದನ."

"ನನ್ನ ನೀರ ಹಾಲಿನ ಮ್ಯಾಲ?"

"ಹ್ಞೂ."

ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಂಗಾರ ಕಡಗ ಸೂಜೀದು, ಒಯ್ದು ಕೊಟ್ಟ ಬಾ. ಹುಕ್ಕೇರಿ ಕುಸ್ತಿ ನಂದು, ನನ್ನ ಎಮ್ಮೀದು."

ಅವನು ಮಗುವಿನ ಹಾಗೆ ಅತ್ತ. ಅತ್ತೆ ಬೈಯಲಿ ಎಂದು ಕಾದಿದ್ದ ನಾನೇ ಒಳಗೆ ಹೋಗಿ ಅವನಿಗೂ ಕರೀ ಚಹಾ ಕಾಸಿ ತಂದೆ.

ಕಡಗ ಒಯ್ದು ಗೋಕಾಕದ ಕುಸ್ತಿ ನಡೆಸಿದವರಿಗೇ ಕೊಟ್ಟು ಬಂದ, ತೆಗೆದುಕೊಂಡವರು ಹುಚ್ಚನೆಂದರಂತೆ. ಮತ್ತೆ ಅಖಾಡಕ್ಕಿಳಿಯುವ ಆಸೆ ಇತ್ತು. ಡಾಕ್ಟರು ಪರೀಕ್ಷೆ ಮಾಡಿ, ಸೂಜಿಯಿಂದ ಹೃದಯ ಹಿಗ್ಗಿದೆ, ಇನ್ನು ಕುಸ್ತಿಯ ಮಾತೇ ಬೇಡ ಎಂದರು. ಈಗ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಎಲ್ಲಿಂದಲಾದರೂ ಹಲಗೆಯ ಸದ್ದು ಬಂದರೆ ನಮ್ಮ ಬಾಗಿಲ ಮುಂದೆ ಟ್ರ್ಯಾಕ್ಟರ್ ಬಂದ್ ಮಾಡಿ ಕೇಳುತ್ತ ನಿಲ್ಲುತ್ತಾನೆ.

"ವೈನಿ, ಸೂಜೀನೂ ಇಲ್ದ, ನೀರೂ ಇಲ್ದ, ಚೊಕ್ಕ ಹಾಲ ಕುಡದ ಒಮ್ಮಿ ಆಡಿದ್ರ ಏನಾಗ್ತಿತ್ರಿ?" ಎನ್ನುತ್ತಾನೆ.

ಅದು ನನಗೆಲ್ಲಿ ಗೊತ್ತು! ಎಮ್ಮೆ ಈದಿದೆ, ಸುವರ್ಣಾ ಮೊದಲು ಕುಡಿಯುತ್ತಾಳೆ. ಉಳಿದದ್ದನ್ನು ಚರಿಗೆಗೆ ಹಾಕಿ ನಾನೇ ತಂದು ಕೊಡುತ್ತೇನೆ. ಅಲ್ಲೇ ನಿಂತು ಕುಡಿಯುತ್ತಾನೆ, ಹಲಗೆಯ ಸದ್ದಿದ್ದ ಕಡೆ ಮುಖ ಮಾಡಿ.