ನೀರೋನ ಹಣೆಯ ಕುಂಕುಮ

ಸಾಬರಮತಿಯಲ್ಲಿ ನೀರಿಗಿಂತ ಮರಳೇ ಹೆಚ್ಚಿದ್ದ ದಿನಗಳವು. ಆ ಮರಳಿನ ಮೇಲೆ, ಸೇತುವೆಯ ಕೆಳಗೆ, ಪ್ರತಿ ಭಾನುವಾರ ಗುಜರಿ ಬಜಾರು ಕೂಡುತ್ತಿತ್ತು. ಮುರಿದ ಹೊಲಿಗೆ ಯಂತ್ರ, ಮುಚ್ಚಳ ಕಳೆದುಕೊಂಡ ಹಿತ್ತಾಳೆ ಡಬ್ಬಿ, ಒಂಟಿ ಬೂಟು, ಮೇಕೆ, ಕೋಳಿ ಎಲ್ಲಕ್ಕೂ ಒಂದೇ ಸಾಲು. ಎಪ್ಪತ್ತರ ದಶಕದಲ್ಲಿ ಅಹಮದಾಬಾದಿನಲ್ಲಿ ಬೆಳೆದವರ ಮೂಗಿನಲ್ಲಿ ತುಕ್ಕು, ಕತ್ತೆಯ ಲದ್ದಿ, ಕಾದ ಎಣ್ಣೆ ಸೇರಿದ ಆ ವಾಸನೆ ಇನ್ನೂ ಉಳಿದಿರಬೇಕು. ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ಬಂದಿದ್ದ ನಮ್ಮಪ್ಪನಿಗೆ ಅದೇ ತೀರ್ಥಕ್ಷೇತ್ರ. ಹತ್ತು ವರ್ಷದ ನಾನು ಗರಿಗರಿ ಕಡಲೆಹಿಟ್ಟಿನ ಫಾಫ್ಡಾ, ಜಿಲೇಬಿಯ ಆಸೆಗೆ ಬೆನ್ನು ಹತ್ತುತ್ತಿದ್ದೆ.

ಅಪ್ಪ ಅಲ್ಲಿ ಹುಡುಕುತ್ತಿದ್ದದ್ದು ಒಬ್ಬನೇ ಮನುಷ್ಯನನ್ನು, ರೋಮಿನ ದೊರೆ ನೀರೋನನ್ನು. ಊರು ಹೊತ್ತಿ ಉರಿಯುವಾಗ ವಾದ್ಯ ನುಡಿಸುತ್ತ ಕೂತಿದ್ದನೆಂದು ಶಾಲೆಯ ಪುಸ್ತಕದಲ್ಲಿ ಬರುತ್ತಾನಲ್ಲ, ಅವನೇ. ಭರೂಚಿನ ಕಡೆಯಿಂದ ಹಳೇ ಬೆಳ್ಳಿ ತರುತ್ತಿದ್ದವನೊಬ್ಬನ ಬಟ್ಟೆಯ ಮೇಲೆ, ಮುರಿದ ಕಾಲ್ಗೆಜ್ಜೆಗಳ ನಡುವೆ, ಅವನ ಮೊದಲ ನಾಣ್ಯ ಸಿಕ್ಕಿತ್ತು. ದಪ್ಪ ಕುತ್ತಿಗೆ, ಗುಂಗುರು ಕೂದಲು, ಉಂಡು ಎದ್ದವನ ಮುಖ. ಆ ಕಾಲದಲ್ಲಿ ರೋಮಿನ ಹಡಗುಗಳು ಭರೂಚಿಗೆ ಬರುತ್ತಿದ್ದವು, ನಮ್ಮ ಅರಳೆ ಬಟ್ಟೆಗೆ ಅವರು ಇಂಥ ಬೆಳ್ಳಿ ಕೊಟ್ಟು ಹೋದರು ಎಂದು ಅಪ್ಪ ಎಲ್ಲೋ ಓದಿದ್ದ. ಅಂದಿನಿಂದ ಬಜಾರಿನಲ್ಲಿ ಕಂಡಕಂಡವರನ್ನು ದಪ್ಪ ಕುತ್ತಿಗೆಯವನು ಇದ್ದಾನೆಯೇ ಎಂದು ಕೇಳುತ್ತಿದ್ದ. ಗಿರಾಕಿ ಕೇಳಿದ್ದು ಹುಟ್ಟಿಕೊಳ್ಳುವುದು ಬಜಾರಿನ ಧರ್ಮ. ಎರಡು ವರ್ಷದಲ್ಲಿ ಅಪ್ಪನ ಮಖಮಲ್ ಚೀಲ ತುಂಬುತ್ತ ಬಂತು. ಇವು ಅಸಲಿ ಎನ್ನುವುದಕ್ಕೆ ಆಧಾರವೇನು ಎಂದು ನಾನು ಆಗಲೇ ಕೇಳಿದ್ದೆ. ಅಪ್ಪ ಜಿಲೇಬಿಯ ಪೊಟ್ಟಣ ನನ್ನ ಕೈಗಿತ್ತು ಮಾತು ತೇಲಿಸಿದ.

ಮನೆಯಲ್ಲಿ ಅಜ್ಜಿ ಇದ್ದಳು, ಅಪ್ಪನ ತಾಯಿ. ಸಂಜೆ ಅವಳು ಮೊಸರನ್ನ ಕಲಸಿ ನನಗೆ ಕೈತುತ್ತು ಹಾಕುತ್ತಿದ್ದಳು. ಬ್ಯಾಂಕಿನಿಂದ ಬಂದ ಅಪ್ಪನೂ, ಪ್ಯಾಂಟಿನಲ್ಲೇ, ಬಾಗಿಲಿಗೆ ಒರಗಿ ನಿಂತು ಅಂಗೈ ಒಡ್ಡುತ್ತಿದ್ದ. ನಲವತ್ತು ದಾಟಿದ ಗಂಡಸು. ಕಡೆಯ ತುತ್ತು ಅವನದು. ಅದರಲ್ಲಿ ಉಪ್ಪಿನಕಾಯಿಯ ಹೋಳು ಇರಲೇಬೇಕು.

ಪಕ್ಕದ ಮನೆಯ ಕೋಕಿಲಾಬೆನ್‌ಗೆ ಕನ್ನಡ ಬರದು, ಅಜ್ಜಿಗೆ ಗುಜರಾತಿ ಬರದು. ಆದರೂ ಮಧ್ಯಾಹ್ನವಿಡೀ ಇಬ್ಬರೂ ಹರಟುತ್ತಿದ್ದರು. ದೀಪಾವಳಿಯ ಮುನ್ನ ಧನತೇರಸಿನ ದಿನ ಇಲ್ಲಿನವರು ಮನೆಯ ಬೆಳ್ಳಿ ನಾಣ್ಯಗಳನ್ನು ಹಾಲಿನಲ್ಲಿ ತೊಳೆದು ಲಕ್ಷ್ಮಿಯ ಮುಂದಿಟ್ಟು ಪೂಜಿಸುತ್ತಾರೆ ಎಂಬುದನ್ನು ಕೋಕಿಲಾಬೆನ್ ಕೈಸನ್ನೆಯಲ್ಲೇ ತಿಳಿಸಿದ್ದರು. ನಮ್ಮ ಕಡೆ ಆ ಪದ್ಧತಿಯಿಲ್ಲ. ಅನ್ನ ಕೊಟ್ಟ ಊರಿನ ರೀತಿ ಬಿಡಬಾರದೆಂದು ಅಜ್ಜಿ ಆ ವರ್ಷ ಮನೆಯೆಲ್ಲ ಬೆಳ್ಳಿ ನಾಣ್ಯ ಹುಡುಕಿದಳು. ಇದ್ದದ್ದು ಅಪ್ಪನ ಚೀಲದಲ್ಲಿ ಮಾತ್ರ.

ಸಂಜೆ ಅಪ್ಪ ಬಂದು ನೋಡುತ್ತಾನೆ, ಲಕ್ಷ್ಮಿಯ ಪಟದ ಕೆಳಗೆ ತಾಟಿನಲ್ಲಿ ನೀರೋ ಸಾಲಾಗಿ ಕೂತಿದ್ದಾನೆ, ಹಾಲಿನಲ್ಲಿ ಮಿಂದು, ಹಣೆ ತುಂಬ ಕುಂಕುಮ ಹಚ್ಚಿಕೊಂಡು. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

“ಅವ್ವಾ, ಇಂವ ಯಾರಂತ ತಿಳದೀ? ಹೆತ್ತ ತಾಯೀನ ಕೊಲ್ಲಿಸಿದಾಂವ.”

ಆಮೇಲೆ ಕೂತು ಪೂರ್ತಿ ಹೇಳಿದ. ನಡುನೀರಿನಲ್ಲಿ ಕಳಚಿಕೊಳ್ಳುವಂಥ ದೋಣಿ ಮಾಡಿಸಿ ತಾಯಿಯನ್ನು ಹತ್ತಿಸಿದ್ದು, ಆಕೆ ಈಜಿ ದಡ ಸೇರಿದ್ದು, ಕಡೆಗೆ ಸೈನಿಕರನ್ನು ಕಳಿಸಿದ್ದು. ಕಥೆ ಹೇಳುವುದರಲ್ಲಿ ಅಪ್ಪ ಗಟ್ಟಿಗ. ಆಕೆ ಈಜಿದ್ದನ್ನು ಎರಡೂ ಕೈ ಬೀಸಿ ತೋರಿಸಿದ. ಅಡಿಗೆಮನೆಯಲ್ಲಿ ಚಕ್ಕುಲಿ ಒತ್ತುತ್ತಿದ್ದ ಅಮ್ಮನೂ ನಕ್ಕಳು.

ಅಜ್ಜಿ ನಗಲಿಲ್ಲ. ನಾಣ್ಯಗಳನ್ನು ಒರೆಸಿ ಚೀಲಕ್ಕೆ ಹಾಕಿ, ಹಾಲನ್ನು ತುಳಸಿಗೂ ಹಾಕದೆ ಮೋರಿಗೆ ಚೆಲ್ಲಿದಳು. ಮರುದಿನ ಸಂಜೆ ಅಪ್ಪ ಅಂಗೈ ಒಡ್ಡಿ ನಿಂತಾಗ ಅವನ ಮುಂದೆ ತಾಟು ಇಟ್ಟಳು.

“ಅವ್ವಾ, ನನಗ?”

“ತಾಟಿನಾಗ ಅದಲ್ಲಾ, ಉಣ್ಣು.”

ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಚೀಲವನ್ನು ಮನೆಯಿಂದ ಹೊರಗೆ ಹಾಕೆಂದೂ ಅನ್ನಲಿಲ್ಲ. ಅಪ್ಪ ಒಂದೆರಡು ಸಲ ನಗಿಸಲು ನೋಡಿದ. ಚೀಲವನ್ನು ಬೀರುವಿನಿಂದ ಟ್ರಂಕಿಗೆ ಸಾಗಿಸಿದ. ತಾಟು ತಪ್ಪಲಿಲ್ಲ.

ಆಗ ವಾದಕ್ಕಿಳಿದವಳು ನಾನು. ಶಾಲೆಯ ಚರ್ಚಾಸ್ಪರ್ಧೆಗೆ ಟೀಚರ್ ನನ್ನನ್ನು ತಯಾರು ಮಾಡುತ್ತಿದ್ದ ವರ್ಷ ಅದು. ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಅಜ್ಜಿಯ ಎದುರು ಕೂತು ಒಂದೊಂದಾಗಿ ಮಂಡಿಸಿದೆ. ನೀರೋ ತಾಯಿಯನ್ನು ಕೊಲ್ಲಿಸಿದ್ದನ್ನು ಕಂಡವರಾರು? ಬರೆದವರೆಲ್ಲ ಅವನು ಸತ್ತ ಮೇಲೆ ಬರೆದವರು, ಅವನನ್ನು ಕಂಡರಾಗದವರು. ಕೊಲ್ಲಿಸಿದ್ದೇ ನಿಜವಾದರೂ ಬೆಳ್ಳಿಗೇನು ಪಾಪ? ಮುಖ ಅಚ್ಚೊತ್ತಿದವನು ಯಾವನೋ ಅಕ್ಕಸಾಲಿಗ. ಇಷ್ಟಾಗಿ ಈ ನಾಣ್ಯಗಳೇ ನಕಲಿಯಾದರೆ, ಹಾಲಿನಲ್ಲಿ ಮಿಂದವನು ನೀರೋನೇ ಅಲ್ಲ. ಈ ವಾದದಲ್ಲಿ ಎಲ್ಲಿ ತಪ್ಪಿದೆ, ಇವತ್ತಿಗೂ ಯಾರಾದರೂ ತೋರಿಸಲಿ.

ಅಜ್ಜಿ ಪೂರ್ತಿ ಕೇಳಿದಳು. ಸೊಪ್ಪಿನ ಕಡ್ಡಿಗಳನ್ನು ಒತ್ತಟ್ಟಿಗೆ ಸರಿಸಿದಳು.

“ಅಂವ ಕೊಂದಾನೋ ಬಿಟ್ಟಾನೋ ನನಗೇನು ಗೊತ್ತವಾ. ಕೊಂದಾನ ಅಂತ ತಿಳದಽ ನಿಮ್ಮಪ್ಪ ಅವನ್ನ ಕೂಡಿಹಾಕ್ಯಾನ. ಅದನ್ನ ಹೇಳಿಕೋತ ನಕ್ಕಾನ. ಅದನ್ನ ನಾ ಕೇಳೀನಿ.”

ಹೊರಗಿನ ಕೋಣೆಯಲ್ಲಿ ಪೇಪರು ಮಗುಚುವ ಸದ್ದು ನಿಂತಿತು. ಅಪ್ಪ ಕೇಳಿಸಿಕೊಂಡಿದ್ದ.

ಬೇಸಿಗೆಯಲ್ಲಿ ಸೂರತ್ತಿಗೆ ವರ್ಗವಾಯಿತು. ಲಾರಿಯಲ್ಲಿ ಸಾಮಾನು, ರೈಲಿನಲ್ಲಿ ನಾವು. ವಡೋದರಾ ದಾಟಿ, ಭರೂಚು ದಾಟಿ, ಗಾಡಿ ನರ್ಮದೆಯ ಸೇತುವೆಗೆ ಏರಿತು. ಬೋಗಿಯಲ್ಲಿ ಎಲ್ಲರೂ ಎದ್ದರು. ನರ್ಮದೆಗೆ ಕಾಸು ಹಾಕದೆ ಯಾರೂ ಆ ಸೇತುವೆ ದಾಟುವುದಿಲ್ಲ. ಹೆಂಗಸರು ಸೆರಗಿನ ಗಂಟು ಬಿಚ್ಚಿ ಐದು ಪೈಸೆ, ಹತ್ತು ಪೈಸೆ ಎಸೆದು ಕೈಮುಗಿಯುತ್ತಿದ್ದರು. ಅಜ್ಜಿಯೂ ಕಿಟಕಿಯ ಬಳಿಯಿಂದ ಕೈ ಚಾಚಿದಳು.

“ಶೀನೂ, ಚಿಲ್ಲರೆ ಇದ್ರ ಕೊಡೋ.”

ಅಪ್ಪ ಅಂಗಿಯ ಒಳಜೇಬಿಗೆ ಕೈ ಹಾಕಿದ. ಲಾರಿಯವರನ್ನು ನಂಬದೆ ಚೀಲವನ್ನು ಮೈಮೇಲೇ ತಂದಿದ್ದ. ಅದರ ದಾರ ಸಡಿಲಿಸಿ ಎಲ್ಲವನ್ನೂ ಅವಳ ಅಂಗೈಗೆ ಸುರಿದ.

ಅಜ್ಜಿ ನೋಡಿದಳು. “ನಾ ಇವನ್ನ ಕೇಳಲಿಲ್ಲೋ.”

“ಗೊತ್ತದ. ಹಾಕವ್ವಾ.”

ನಾನು ಎದ್ದು ನಿಂತು ಅಪ್ಪನ ತೋಳು ಜಗ್ಗಿದೆ. ಇದು ಇತಿಹಾಸ, ಇದನ್ನು ಎಸೆಯಬಾರದು, ಮ್ಯೂಸಿಯಮ್ಮಿಗಾದರೂ ಕೊಡಬೇಕು ಎಂದು ಏನೇನೋ ಕೂಗಿದೆ. ಕಬ್ಬಿಣದ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಅಜ್ಜಿ ಒಂದೊಂದಾಗಿ ಹಾಕಿದಳು. ಒಂದು ಸೇತುವೆಯ ತೊಲೆಗೆ ಬಡಿದು ಚಿಮ್ಮಿತು. ಅದು ನೀರಿಗೆ ಬಿತ್ತೋ ಕಲ್ಲಿನ ಮೇಲೆ ಉಳಿಯಿತೋ ಕಾಣಲಿಲ್ಲ.

ಸೂರತ್ತಿನಲ್ಲಿ, ತಾಪಿ ನದಿಯ ಆಚೆ ಅಡಾಜಣ್‌ನ ಬಾಡಿಗೆ ಮನೆಯಲ್ಲಿ, ಕೈತುತ್ತು ಮತ್ತೆ ಶುರುವಾಯಿತು. ಭಾನುವಾರಗಳು ಮತ್ತೆ ಶುರುವಾಗಲಿಲ್ಲ. ಆ ಊರಿನಲ್ಲೂ ಹಳೇ ಸಾಮಾನಿನ ಬಜಾರು ಇದೆಯಂತೆ; ಅಪ್ಪ ಹೋಗಲಿಲ್ಲ, ನಾನು ಕರೆಯಲಿಲ್ಲ. ಅಸಲಿಯೋ ನಕಲಿಯೋ ಎಂಬ ನನ್ನ ಪ್ರಶ್ನೆಗೆ ಉತ್ತರ ಹೇಳಬೇಕಾದವು ನರ್ಮದೆಯ ಕೆಸರಿನಲ್ಲಿವೆ.

ಮುಂದೆ ವಡೋದರಾದ ಕಾಲೇಜಿನಲ್ಲಿ ಓದುವಾಗ ಬೇಕಾದಷ್ಟು ವಾದ ಮಾಡಿದೆ. ಬೆಳಿಗ್ಗೆ ಒಂದು ವಿಷಯದ ಪರ, ಸಂಜೆ ಅದೇ ವಿಷಯದ ವಿರುದ್ಧ. ಗೆದ್ದು ಕೋಣೆಗೆ ಬಂದು ಬಿದ್ದುಕೊಂಡರೆ ದಣಿವೊಂದೇ ಉಳಿಯುತ್ತಿತ್ತು. ಎದುರಿಗೆ ಕೂತವರು ಯಾರೂ ತಾವು ಆಡಿದ ಮಾತಿಗಾಗಿ ಮನೆಗೆ ಹೋಗಿ ಒಂದು ತುತ್ತು ಬಿಟ್ಟವರಲ್ಲ. ನಾನೂ ಅಲ್ಲ.

ಅಜ್ಜಿ ತೀರಿಕೊಂಡು ನಾಲ್ಕು ವರ್ಷ. ಹತ್ತೊಂಬತ್ತು ಶತಮಾನಗಳ ಹಿಂದೆ ಸತ್ತ ಯಾರದೋ ತಾಯಿಗಾಗಿ ಸ್ವಂತ ಮಗನ ಮೇಲೆ ಮುನಿಸಿಕೊಂಡವಳು ನಮ್ಮಲ್ಲಿ ಅವಳೊಬ್ಬಳೇ. ಈಗ ಮನೆಯಲ್ಲಿ ಮುನಿಸಿಲ್ಲ. ರಜೆಯಲ್ಲಿ ಹೋದಾಗ ಅಪ್ಪ ಟೀವಿಯ ಮುಂದೆ ಕೂತಿರುತ್ತಾನೆ. ಗ್ಯಾಸ್ ಸಿಲಿಂಡರ್ ಬಂತೇ ಎಂದು ಅಮ್ಮ ಕೇಳುತ್ತಾಳೆ. ಬಂತು ಅನ್ನುತ್ತಾನೆ. ಅಲ್ಲಿಗೆ ಆ ದಿನದ ಮಾತು ಮುಗಿಯುತ್ತದೆ.