ಸ್ಯಾಕ್ ಅಂದರೆ ಚೀಲ

ಕೋಗಿಲು ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಮೇಡಂ ಖಾಸಗಿ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮಾತಿನ ನಡುವೆ ಯಾವ ಪದ ಸಿಕ್ಕರೂ ಕನ್ನಡಕವನ್ನು ಹಣೆಗೇರಿಸಿ, "ಅದರ ಬೇರು ನೋಡ್ರಿ" ಎಂದು ಶುರುಮಾಡುವರು. ಒಂದು ಮಧ್ಯಾಹ್ನ ದೊಡ್ಡ ಚೀಲ ಹಿಡಿದು ಆಟೋದಿಂದ ಇಳಿದರು.

"ಏನ್ ಮೇಡಂ, ಇಷ್ಟು ಬೇಗ ಬಂದ್ಬಿಟ್ರಿ?" ಎಂದೆ.

"ಕಾಲೇಜಿನವ್ರು ಸ್ಯಾಕ್ ಮಾಡಿದ್ರು ರೀ. ಅದರ ಬೇರು ನೋಡ್ರಿ, ಸ್ಯಾಕ್ ಅಂದ್ರ ಚೀಲ. ಹಿಂದಿನ ಕಾಲದಾಗ ಕೆಲಸಗಾರರು ತಮ್ಮ ಉಪಕರಣ ಚೀಲದಾಗ ತಂದು ಧಣಿ ಹತ್ರ ಇಡತಿದ್ರಂತ. ಇನ್ನ ಕೆಲಸಕ್ಕ ಬ್ಯಾಡ ಅಂದ್ರ ಧಣಿ ಆ ಚೀಲ ವಾಪಸ್ ಕೊಡತಿದ್ದ."

ಅರ್ಥವನ್ನು ಪೂರ್ತಿ ಹೇಳಿ ಮುಗಿಸಿದ ಮೇಲೆಯೇ ನಮ್ಮ ಮೆಟ್ಟಿಲ ಮೇಲೆ ಕುಳಿತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ಊಟ ಆಗಿಲ್ರಿ ಇನ್ನೂ" ಎಂದು ಚೀಲದೊಳಗಿನ ನಿಘಂಟು, ಡಸ್ಟರ್ ಸರಿಸಿ ಡಬ್ಬಿ ತೆಗೆದರು.